ನಲವತ್ತಮೂರನೇ ಸ್ಲೈಡು

ನಿರುಪಮಾ ಕೋಸಂಬರಿಯ ಕೊನೆಯ ಪಾತ್ರೆಗೆ ಕೊತ್ತಂಬರಿ ಸೊಪ್ಪು ಉದುರಿಸುತ್ತಿದ್ದಳು. ಅರ್ಧ ಕಟ್ಟು ಇನ್ನೂ ಹಲಗೆಯ ಮೇಲೆಯೇ ಇತ್ತು. ಅಷ್ಟರಲ್ಲಿ ಹಾಲಿನಿಂದ ಮೈಕು ಕೂಗಿತು.

"ಈಗ ನಮ್ಮ ಶ್ರೀಕಂಠ ಅವರ ಶ್ರೀಮತಿಯವರಿಂದ ಜಪಾನ್ ದರ್ಶನ!"

ಶ್ರೀಕಂಠ ಅವರ ಶ್ರೀಮತಿ. ಹೆಸರು ಹೇಳಿದ್ದರೆ ಮೈಕು ಹಿಡಿದ ಆನಂದತೀರ್ಥರ ಗಂಟೇನೂ ಹೋಗುತ್ತಿರಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ಸಂಕ್ರಾಂತಿ ಮಂಗಳವಾರವೇ ಮುಗಿದಿತ್ತು. ಆದರೆ ಈ ಪರದೇಶದಲ್ಲಿ ಹಬ್ಬಗಳು ಶನಿವಾರಕ್ಕೆ ಕಾಯಬೇಕು. ಫಾಸ್ಟರ್ ಸಿಟಿಯ ನೀರಿನ ಪಕ್ಕದ ಬಾಡಿಗೆ ಹಾಲಿನಲ್ಲಿ ಎಂಬತ್ತು ಜನ ಸೇರಿದ್ದರು. ಎಳ್ಳು ಬೆಲ್ಲ ಹಂಚಿ ಆಗಿತ್ತು. ಮಕ್ಕಳ ಹಾಡು ಆಗಿತ್ತು. ಕನ್ನಡ ಕೂಟದ ಕಾರ್ಯದರ್ಶಿ ಆನಂದತೀರ್ಥರ ನಲವತ್ತು ನಿಮಿಷದ ಭಾಷಣವೂ ಆಗಿತ್ತು.

ಪರದೆಗಳನ್ನು ಎಳೆದರು. ಹಾಲಿನ ಹಿಂದಿನ ಮೂಲೆಯಲ್ಲಿ ಮೇಜಿನ ಮೇಲೆ ಪ್ರೊಜೆಕ್ಟರು. ಅದರ ಮೇಲೆ ದುಂಡನೆಯ ತಟ್ಟೆ. ತಟ್ಟೆಯ ಎಂಬತ್ತು ಮನೆಗಳಲ್ಲಿ ಎಂಬತ್ತು ಸ್ಲೈಡು, ದಪ್ಪ ಕಾಗದದ ಚೌಕಟ್ಟು ಹಾಕಿದ ಪುಟ್ಟ ಫಿಲ್ಮಿನ ಚೂರುಗಳು. ಡಿಸೆಂಬರಿನಲ್ಲಿ ಅವಳು ಜಪಾನಿನಲ್ಲಿ ಕಳೆದ ಎಂಟು ದಿನ ಪೂರ್ತಿ ಅದರಲ್ಲಿತ್ತು. ಗಂಡನ ಜೊತೆ ಹೋಗಿದ್ದಳು, ನಿಜ. ಆದರೆ ಅವನಿಗೆ ಟೋಕಿಯೋದಲ್ಲಿ ಬೆಳಗಿನಿಂದ ರಾತ್ರಿವರೆಗೆ ಮೀಟಿಂಗು. ಕಾಮಾಕುರಾದ ಬುದ್ಧ, ಹಿಮೇಜಿಯ ಬಿಳಿ ಕೋಟೆ, ಫುಶಿಮಿಯ ಕೆಂಪು ಕಮಾನುಗಳ ಸಾಲು, ನಾರಾದ ಮಹಾಬುದ್ಧ, ಇಷ್ಟನ್ನೂ ಒಬ್ಬಳೇ ನೋಡಿದ್ದಳು. ನಲವತ್ತನಾಲ್ಕು ವರ್ಷದಲ್ಲಿ ಒಬ್ಬಳೇ ಒಂದು ರೈಲು ಹತ್ತಿದ್ದು ಅದೇ ಮೊದಲು.

ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಗಂಟಲು ಸರಿಮಾಡಿಕೊಂಡಳು.

"ಮೊದಲನೆಯದು, ಕಾಮಾಕುರಾದ ಬುದ್ಧ. ಬಯಲಲ್ಲೇ ಕೂತಿದ್ದಾನೆ..."

ಕ್ಲಿಕ್. ಪರದೆಯ ಮೇಲೆ ಬರೀ ಬಿಳಿ ಬೆಳಕು.

"ಬುದ್ಧ ಎದ್ದು ಹೋದ ಅಂತ ಕಾಣತ್ತೆ," ಎಂದ ಒಬ್ಬ. ಜನ ನಕ್ಕರು.

ಕ್ಲಿಕ್. ಬಿಳಿ. ಕ್ಲಿಕ್. ಬಿಳಿ.

ಅವಳೇ ಹೋಗಿ ತಟ್ಟೆ ತೆಗೆದು ನೋಡಿದಳು. ಎಂಬತ್ತು ಮನೆಯೂ ಖಾಲಿ.

"ಬೆಳಗ್ಗೆ ಹನ್ನೊಂದಕ್ಕೆ ನಾನೇ ಟೆಸ್ಟ್ ಮಾಡಿದೀನಮ್ಮ," ಆನಂದತೀರ್ಥರು ಬೆವರಿದರು. "ಬುದ್ಧ ಚೆನ್ನಾಗೇ ಬಂದಿದ್ದ."

ಅವಳ ಕಣ್ಣು ತಟ್ಟೆಯ ಮೇಲಿನ ಕಪ್ಪು ಬಳೆಯ ಮೇಲೆ ನಿಂತಿತು. ಸ್ಲೈಡುಗಳು ಬೀಳದಂತೆ ಬಿಗಿಯುವ ಬಳೆ ಅದು. ಅದನ್ನು ಬಿಚ್ಚಿ, ತಟ್ಟೆ ಮಗುಚಿ, ಎಲ್ಲವನ್ನೂ ಸುರಿದುಕೊಂಡು, ಮತ್ತೆ ಬಳೆ ಬಿಗಿದಿಟ್ಟು ಹೋಗಿದ್ದಾರೆ. ಮಕ್ಕಳ ಕೈಯ ಕೆಲಸವಲ್ಲ. ಆ ಬಳೆ ಹೇಗೆ ಬಿಚ್ಚುತ್ತದೆ ಎಂದು ಗೊತ್ತಿದ್ದವರ ಕೆಲಸ.

"ಆ ಮೂಲೆಗೆ ಯಾರು ಹೋಗಿದ್ರು?" ಎಂದು ಕೇಳಿದಳು.

ಉತ್ತರ ಬೇಗ ಬಂತು. ಇಷ್ಟು ಬೇಗ ಬರುತ್ತದೆ ಎಂದು ಅವಳು ಎಣಿಸಿರಲಿಲ್ಲ.

"ಊರ್ಮಿಳಾ ಹೋಗಿದ್ದನ್ನ ನಾನು ನೋಡಿದೆ," ಎಂದಳು ಮುಂದಿನ ಸಾಲಿನಲ್ಲಿ ಕೂತಿದ್ದ ಜಲಜಾ. "ಹೇಳಬಾರದು ಅಂದ್ಕೊಂಡೆ. ಪಾಪ, ಅವರ ಮನೆ ಪರಿಸ್ಥಿತಿ..."

ಎಂಬತ್ತು ಮುಖ ಒಟ್ಟಿಗೇ ತಿರುಗಿದವು. ಊರ್ಮಿಳಾ ಬಾಗಿಲ ಬಳಿ ಅತ್ತೆಯ ಪಕ್ಕ ನಿಂತಿದ್ದಳು. ಅವಳ ಗಂಡ ಸುರೇಶ್, ಶ್ರೀಕಂಠನ ಕಂಪನಿಯಲ್ಲೇ ಎಂಜಿನಿಯರು. ಎಂಜಿನಿಯರಾಗಿದ್ದವನು. ಎಂಟು ದಿನದ ಹಿಂದೆ ಅವನನ್ನು ಕೆಲಸದಿಂದ ತೆಗೆದಿದ್ದರು. ಕಂಪನಿಯ ಗುಟ್ಟನ್ನು ಯಾರಿಗೋ ಕೊಟ್ಟನಂತೆ ಎಂದು ಊರೆಲ್ಲ ಪಿಸುಗುಟ್ಟುತ್ತಿತ್ತು. ಅವನ ಮೇಲಧಿಕಾರಿ ಶ್ರೀಕಂಠ. ಹೊಟ್ಟೆಯ ಉರಿಗೆ ಊರ್ಮಿಳಾ ಹೀಗೆ ಮಾಡಿದಳು ಎಂದು ಎಲ್ಲರ ಮನಸ್ಸಿನಲ್ಲೂ ಲೆಕ್ಕ ಕೂಡಿಬಿಟ್ಟಿತು.

"ನಾ ಕುರ್ಚಿ ತರಾಕ ಹೋಗಿದ್ದೆ," ಎಂದಳು ಊರ್ಮಿಳಾ.

ಶ್ರೀಕಂಠ ಮುಂದೆ ಬಂದ. ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. "ಹೋಗ್ಲಿ ಬಿಡು, ನಿರುಪಮಾ. ಫೋಟೋ ತಾನೇ? ಯಾರ ಮೇಲೂ ದೂರು ಬೇಡ. ಅವರಿಗಾಗಿರೋದೇ ಸಾಕು."

ಎಂಥ ದೊಡ್ಡ ಮನಸ್ಸು ಎಂದು ಜನ ತಲೆಯಾಡಿಸಿದರು. ಊರ್ಮಿಳಾ ಅತ್ತೆಯ ಕೈ ಹಿಡಿದು ಊಟ ಮಾಡದೇ ಹೊರಟುಹೋದಳು.

ಫೋಟೋ ತಾನೇ. ಆ ಎರಡು ಮಾತು ನಿರುಪಮಾಳ ಎದೆಯಲ್ಲಿ ಕೆಂಡವಾಗಿ ಕೂತಿತು.

*

ಭಾನುವಾರ ಬೆಳಗ್ಗೆ ಅವಳು ಆನಂದತೀರ್ಥರಿಗೆ ಫೋನು ಮಾಡಿದಳು.

ರಾತ್ರಿಯಿಡೀ ಅವರ ಮೇಲೆಯೇ ಅನುಮಾನ ಪಟ್ಟಿದ್ದಳು. ಪ್ರೊಜೆಕ್ಟರು ಅವರದು, ಬಳೆ ಬಿಚ್ಚುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಎಲ್ಲಕ್ಕಿಂತ ಮಿಗಿಲಾಗಿ, ಅವಳ ಸ್ಲೈಡು ಕಳೆದುಹೋದ ಹತ್ತೇ ನಿಮಿಷಕ್ಕೆ ತಮ್ಮ ಗ್ರ್ಯಾಂಡ್ ಕ್ಯಾನ್ಯನ್ ಸ್ಲೈಡುಗಳನ್ನು ಕಾರಿನಿಂದ ತಂದು ಎಲ್ಲರಿಗೂ ತೋರಿಸಿದ್ದರು.

"ನಿಮ್ಮ ಸ್ಲೈಡು ರೆಡಿಯಾಗೇ ಇತ್ತಲ್ಲ?" ಎಂದು ಕೇಳಿದಳು.

"ಅದು ವರ್ಷಪೂರ್ತಿ ಕಾರಲ್ಲೇ ಇರತ್ತಮ್ಮ. ಯಾರೂ ಕೇಳಲ್ಲ, ಅದಕ್ಕೆ." ಅವರ ಧ್ವನಿ ಕುಗ್ಗಿತು. "ನನ್ನ ಮೇಲೆ ಡೌಟಾ? ಹನ್ನೊಂದೂ ಕಾಲಿಂದ ಮೈಕ್ ನನ್ನ ಕೈಲೇ ಇತ್ತು. ಒಂದು ನಿಮಿಷ ಬಿಟ್ಟಿದ್ದೀನಾ, ನೀವೇ ಹೇಳಿ."

ಬಿಟ್ಟಿರಲಿಲ್ಲ. ಮಕ್ಕಳು ಹಾಡುವಾಗಲೂ ನಡುನಡುವೆ ಅವರದೇ ದನಿ ಕೇಳಿತ್ತು. ಅಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಯಾರಿಗೂ ಇರಲು ಸಾಧ್ಯವಿರಲಿಲ್ಲ.

"ನಿನ್ನೆ ನಿಮ್ಮ ಕಾರಿಗೆ ಹಾಕಿದ ಪ್ರೊಜೆಕ್ಟರು ನಿಮ್ಮ ಮನೇಲೇ ಇರ್ಲಿ," ಎಂದರು ಅವರು. "ಸ್ಲೈಡು ಸಿಕ್ಕಿದ್ರೆ ಮುಂದಿನ ತಿಂಗಳು ಹಾಕೋಣ."

ಮಂಗಳವಾರ ಮಧ್ಯಾಹ್ನ ಅವರೇ ಕಂದು ಬಣ್ಣದ ಗ್ರೋಸರಿ ಚೀಲ ಹಿಡಿದು ಬಾಗಿಲಿಗೆ ಬಂದರು. ಹಾಲಿನ ಹಿಂದಿನ ಕಸದ ಡಬ್ಬಿಯ ಮೇಲೆ ಇತ್ತಂತೆ. ಕಸ ತೆಗೆಯುವವನು ನೋಡಿ ಕರೆದನಂತೆ.

"ಎಂಬತ್ತೂ ಇದೆ. ಎರಡು ಸಲ ಎಣಿಸಿದೆ. ಏನೋ ಹುಡುಗಾಟ, ಬಿಟ್ಟುಬಿಡಿ."

*

ಅವಳು ಬಿಡಲಿಲ್ಲ. ಊಟದ ಮೇಜು ಒರೆಸಿ ಎಂಬತ್ತೂ ಸ್ಲೈಡು ಹರಡಿಕೊಂಡಳು. ಜೋಡಿಸುವುದು ಕಷ್ಟವೇನಾಗಿರಲಿಲ್ಲ. ಸಂಜೆ ಕಾಲೇಜಿನ ಫೋಟೋ ತರಗತಿಯಲ್ಲಿ ಮುದುಕ ಮೇಷ್ಟರು ಕಲಿಸಿದ ಕೆಲಸವೊಂದಿತ್ತು. ಸ್ಲೈಡುಗಳನ್ನು ಕ್ರಮವಾಗಿ ಒತ್ತಾಗಿ ನಿಲ್ಲಿಸಿ, ಅವುಗಳ ಮೇಲಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಮಾರ್ಕರಿನಲ್ಲಿ ಒಂದು ಓರೆ ಗೆರೆ ಎಳೆಯಬೇಕು. ಪ್ರತಿ ಸ್ಲೈಡಿನ ಅಂಚಿನ ಮೇಲೂ ಒಂದೊಂದು ಚುಕ್ಕೆ ಉಳಿಯುತ್ತದೆ. ಕೆಳಗೆ ಬಿದ್ದು ಚೆಲ್ಲಾಪಿಲ್ಲಿಯಾದರೂ ಗೆರೆ ಕೂಡುವಂತೆ ಇಟ್ಟರೆ ಸಾಕು, ಕ್ರಮ ತಾನೇ ಬರುತ್ತದೆ. ಅವಳು ಕೆಂಪು ಗೆರೆ ಎಳೆದಿದ್ದಳು.

ಅರ್ಧ ಗಂಟೆಯಲ್ಲಿ ಗೆರೆ ಕೂಡಿತು. ಒಂದು ಕಡೆ ಮಾತ್ರ ಕೂಡಲಿಲ್ಲ. ನಲವತ್ತೆರಡರಿಂದ ಗೆರೆ ಒಂದು ಹೆಜ್ಜೆ ಹಾರಿ ನಲವತ್ತನಾಲ್ಕಕ್ಕೆ ಹೋಯಿತು. ಮೇಜಿನ ಮೇಲೆ ಒಂದು ಸ್ಲೈಡು ಒಂಟಿಯಾಗಿ ಉಳಿಯಿತು. ಅದರ ಅಂಚಿನ ಮೇಲೆ ಕೆಂಪು ಚುಕ್ಕೆಯೇ ಇಲ್ಲ.

ಕಿಟಕಿಗೆ ಹಿಡಿದು ನೋಡಿದಳು. ನಾರಾದ ಜಿಂಕೆ. ಎರಡು ಕಿವಿಯೂ ಚೌಕಟ್ಟಿನಾಚೆ ಕತ್ತರಿಸಿಹೋಗಿತ್ತು.

ಈ ಕಿವಿಯಿಲ್ಲದ ಜಿಂಕೆಯನ್ನು ಬೇಡವೆಂದು ಅವಳೇ ತೆಗೆದುಹಾಕಿದ್ದಳು. ಅದು ಹಾಲಿಗೆ ಹೋಗಲೇ ಇಲ್ಲ. ಬೇಡವಾದ ಸ್ಲೈಡುಗಳೆಲ್ಲ ಮಲಗುವ ಕೋಣೆಯ ಕಪಾಟಿನಲ್ಲಿ, ನೀಲಿ ಬಿಸ್ಕತ್ತಿನ ಡಬ್ಬದಲ್ಲಿದ್ದವು. ಕದ್ದವರು ಒಂದನ್ನು ಇಟ್ಟುಕೊಂಡು, ಎಣಿಕೆ ಸರಿಹೋಗಲೆಂದು ಈ ಜಿಂಕೆಯನ್ನು ಸೇರಿಸಿದ್ದಾರೆ. ಅಂದರೆ ಕದ್ದವರು ಅವಳ ಕಪಾಟು ತೆಗೆದಿದ್ದಾರೆ.

ಊರ್ಮಿಳಾ ಎರಡು ತಿಂಗಳಿಂದ ಅವಳ ಮನೆಗೆ ಕಾಲಿಟ್ಟಿರಲಿಲ್ಲ.

ಟಿಪ್ಪಣಿ ಪುಸ್ತಕ ತೆಗೆದಳು. '43. ನಾರಾ. ಮಹಾಬುದ್ಧನ ಗುಡಿಯ ಮುಂದಿನ ಕಂಚಿನ ದೀಪಸ್ತಂಭ. ಶಾಲೆ ಮಕ್ಕಳು.'

ಆಗ ನೆನಪಾಯಿತು. ಕೂಟದ ಹಬ್ಬಕ್ಕೆ ಎರಡು ದಿನ ಮುಂಚೆ, ಗುರುವಾರ ಸಂಜೆ, ಮನೆಯ ಹಾಲಿನ ಗೋಡೆಗೆ ಬೆಡ್‌ಶೀಟು ಕಟ್ಟಿ ಎಲ್ಲವನ್ನೂ ಒಮ್ಮೆ ಹಾಕಿ ನೋಡಿದ್ದಳು. ಶ್ರೀಕಂಠ ಸೋಫಾದಲ್ಲಿ ಪೇಪರು ಓದುತ್ತಿದ್ದ. ಜಪಾನಿನಿಂದ ಬಂದು ತಿಂಗಳಾಗಿದ್ದರೂ ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ ಎಂದು ಒಂದು ದಿನವೂ ಕೇಳದವನು, ಇದ್ದಕ್ಕಿದ್ದಂತೆ ತಲೆ ಎತ್ತಿದ್ದ.

"ಹಿಂದಿನದು ಹಾಕು," ಎಂದಿದ್ದ. ಒಂದು ನಿಮಿಷ ನೋಡಿದ್ದ. "ಚೆನ್ನಾಗಿದೆ. ಇದು ಯಾವಾಗ ತೆಗೆದಿದ್ದು?"

ಎರಡು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳು ಮಾಡಿದ್ದೊಂದನ್ನು ಇನ್ನೊಮ್ಮೆ ನೋಡಬೇಕೆಂದು ಅವನು ಕೇಳಿದ್ದು ಅದೇ ಮೊದಲು. ತಟ್ಟೆಯನ್ನೂ ಪ್ರೊಜೆಕ್ಟರನ್ನೂ ಒಯ್ಯಲು ಆನಂದತೀರ್ಥರು ಆಗಲೇ ಬಾಗಿಲಲ್ಲಿದ್ದರು. ಕೊಡುವ ಮುಂಚೆ ಬಳೆ ಬಿಚ್ಚಿ, ಸ್ಲೈಡುಗಳು ಸರಿಯಾಗಿ ಕೂತಿವೆಯೇ ಎಂದು ನೋಡಿ, ಮತ್ತೆ ಬಿಗಿದಿದ್ದಳು. ಶ್ರೀಕಂಠ ಪಕ್ಕದಲ್ಲಿ ನಿಂತು ನೋಡಿದ್ದ.

*

ಬುಧವಾರ ಬೆಳಗ್ಗೆ ಮೌಂಟನ್ ವ್ಯೂನ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿದಳು. ಬಾಗಿಲು ತೆಗೆದದ್ದು ಸುರೇಶನ ತಾಯಿ ಕಮಲವ್ವ.

"ಬಾರವಾ, ಒಳಗ ಬಾ. ಕಳ್ಳರ ಮನಿಗೆ ಬಂದಿ, ಕೈಚೀಲ ಗಟ್ಟಿ ಹಿಡ್ಕೋ."

"ಕಮಲವ್ವ, ಕ್ಷಮೆ ಕೇಳೋಕೆ ಬಂದಿದೀನಿ."

"ಒಬ್ಬಾಕಿನ ಬಂದಿ? ಆವತ್ತು ನಗಾಕ ಎಂಬತ್ತು ಮಂದಿ ಇದ್ರು."

ಕೋಣೆ ತುಂಬ ಸೂಟ್‌ಕೇಸುಗಳು ಬಾಯಿ ತೆರೆದು ಕೂತಿದ್ದವು. ಊರ್ಮಿಳಾ ಸೀರೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಸುರೇಶ್ ಮೆನ್ಲೋ ಪಾರ್ಕಿನಲ್ಲಿರುವ ತಮ್ಮ ವಕೀಲರ ಬಳಿ ಹೋಗಿದ್ದಾನೆ ಎಂದಳು. ಶುಕ್ರವಾರದೊಳಗೆ ಅವನು ಕಾಗದಕ್ಕೆ ಸಹಿ ಹಾಕಬೇಕು. ತಪ್ಪು ತನ್ನದೇ ಎಂದು ಒಪ್ಪಿದರೆ ಕಂಪನಿ ಕೋರ್ಟಿಗೆ ಹೋಗುವುದಿಲ್ಲ, ದೇಶ ಬಿಟ್ಟರೆ ಸಾಕು. ಒಪ್ಪದಿದ್ದರೆ ಕೇಸು.

"ಏನು ತಪ್ಪು ಅಂತ ನಂಗೆ ಸರಿಯಾಗಿ ಗೊತ್ತಿಲ್ಲ, ಊರ್ಮಿಳಾ. ಕೇಳಿದ್ರೆ ಆಫೀಸಿನ ವಿಷಯ ಅಂತಾರೆ ಇವರು."

ಊರ್ಮಿಳಾ ಮಡಿಸುತ್ತಿದ್ದ ಸೀರೆ ಕೆಳಗಿಟ್ಟಳು. "ಹೊಸ ಮಷೀನಿನ ಡ್ರಾಯಿಂಗು ಒಸಾಕಾದ ಕಂಪನಿಗೆ ಹೋಗೇತಿ, ಅಕ್ಕಾ. ಅಲ್ಲಿದ್ದಾಂವ ಒಬ್ಬ ಕೆಲಸ ಬಿಟ್ಟು ಪತ್ರ ಬರದಾನ. ಒಬ್ಬ ಇಂಡಿಯನ್ ಎಂಜಿನಿಯರು ತಂದುಕೊಟ್ಟ ಅಂತ. ಡಿಸೆಂಬರ್ ಹದಿನಾಲ್ಕು, ಶನಿವಾರ, ನಾರಾದಾಗ, ದೊಡ್ಡ ಬುದ್ಧನ ಗುಡಿ ಮುಂದ. ಕಂಪನಿಯಿಂದ ಜಪಾನಿಗೆ ಹೋಗಿದ್ದ ಇಂಡಿಯನ್ನರು ಇಬ್ಬರ. ನಿಮ್ಮ ಮನಿಯವ್ರು ಜ್ವರ ಬಂದು ಟೋಕಿಯೋ ಹೋಟೆಲಿನ್ಯಾಗ ಮಲಗಿದ್ರಂತ. ಇವ್ರು ಕಾಮಾಕುರಾ ನೋಡಾಕ ಹೋಗಿದ್ರು. ಒಬ್ಬರ. ಸಾಕ್ಷಿ ಯಾರದಾರ?"

ನಿರುಪಮಾ ಸೂಟ್‌ಕೇಸಿನ ಪಕ್ಕದಲ್ಲೇ ಕೂತಳು. ಹದಿನಾಲ್ಕು, ಶನಿವಾರ.

ಜಪಾನಿನ ಪ್ರವಾಸದ ಪಟ್ಟಿಯನ್ನು ಶ್ರೀಕಂಠನೇ ಬರೆದುಕೊಟ್ಟಿದ್ದ. ಶನಿವಾರ ಕ್ಯೋಟೋ, ಭಾನುವಾರ ನಾರಾ. ಒಂದು ಗಂಟೆ ಹೆಚ್ಚುಕಡಿಮೆಯಿಲ್ಲ. ಆದರೆ ಶನಿವಾರ ಬೆಳಗ್ಗೆ ಕ್ಯೋಟೋದ ಬಂಗಾರದ ಮಂಟಪಕ್ಕೆ ಹೋದರೆ ಬಾಗಿಲು ಹಾಕಿತ್ತು. ಪ್ರವಾಸಿಗರ ಮೇಲೆ ನಗರಸಭೆ ಹಾಕಿದ ತೆರಿಗೆಗೆ ಸಿಟ್ಟಾಗಿ ದೊಡ್ಡ ದೊಡ್ಡ ಗುಡಿಗಳೆಲ್ಲ ಬಾಗಿಲು ಮುಚ್ಚಿಕೊಂಡಿದ್ದವು. ಗೇಟಿನ ಮುಂದೆ ಐದು ನಿಮಿಷ ನಿಂತು, ತಾನಾಗಿಯೇ ತೀರ್ಮಾನ ಮಾಡಿ, ನಾರಾದ ರೈಲು ಹತ್ತಿದ್ದಳು. ಆ ದಿನದ ಸಂತೋಷ ಇವತ್ತಿಗೂ ನೆನಪಿತ್ತು. ಗಂಡನಿಗೆ ಹೇಳಿರಲಿಲ್ಲ. ಅವನು ಕೇಳಿರಲಿಲ್ಲ.

"ಊರ್ಮಿಳಾ, ಆವತ್ತು ಕುರ್ಚಿಗೆ ಆ ಮೂಲೆಗೇ ಯಾಕೆ ಹೋದೆ? ಬಾಗಿಲ ಹತ್ರಾನೇ ರಾಶಿ ಇತ್ತಲ್ಲ?"

"ನಿಮ್ಮ ಮನಿಯವ್ರ ಹೇಳಿದ್ರು. ಅಲ್ಲಿ ಮೆತ್ತಗಿನ ಕುರ್ಚಿ ಐತಿ, ಅತ್ತೀಗೆ ತಂದುಕೊಡ್ರಿ ಅಂತ."

"ಹೋದಾಗ ಇತ್ತಾ ಕುರ್ಚಿ?"

"ಇರಲಿಲ್ಲ."

ಕಮಲವ್ವ ಇಬ್ಬರ ಮುಖವನ್ನೂ ನೋಡಿದಳು. ಅವಳ ದನಿಯ ಮೊನಚು ಹೋಗಿತ್ತು. "ಯಾಕವಾ, ಮಾರಿ ಹಿಂಗ್ಯಾಕಾತು? ನೀರು ಕುಡಿ."

ನಿರುಪಮಾ ನೀರು ಕುಡಿದಳು. ಎದ್ದು ಹೊರಟಳು. ಇನ್ನೂ ಒಂದು ನೋಡುವುದಿತ್ತು.

*

ಮಗಳ ಹೆಸರು ಇಂದು. ಶಾಲೆಯಿಂದ ಬಂದವಳೇ ಫ್ರಿಜ್ಜಿನೊಳಗೆ ತಲೆ ಹಾಕಿದ್ದಳು. ಹದಿನಾಲ್ಕು ವರ್ಷ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ.

"ಇಂದು, ಕಪಾಟಲ್ಲಿರೋ ನೀಲಿ ಡಬ್ಬ ಮುಟ್ಟಿದ್ಯಾ?"

"ನೋ. ಆಸ್ಕ್ ಡ್ಯಾಡ್. ಹೀ ಹ್ಯಾಡ್ ಇಟ್ ಸಂಡೇ. ಐ ಥಾಟ್ ದೇರ್ ವರ್ ಕುಕೀಸ್." ಅವಳು ಸೇಬು ಕಚ್ಚುತ್ತ ಮಹಡಿ ಹತ್ತಿದಳು.

ನಿರುಪಮಾ ಡಬ್ಬ ತೆಗೆದು ನೆಲದ ಮೇಲೆ ಸುರಿದಳು.

ಅವಳದು ಒಂದು ಅಭ್ಯಾಸ. ಮುಖ್ಯವಾದ ದೃಶ್ಯ ಯಾವುದಾದರೂ ಎರಡು ಸಲ ತೆಗೆಯುತ್ತಿದ್ದಳು. ಒಂದು ಸ್ವಲ್ಪ ಬೆಳಕು ಹೆಚ್ಚಿಟ್ಟು, ಇನ್ನೊಂದು ಸ್ವಲ್ಪ ಕಡಿಮೆಯಿಟ್ಟು. ಫಿಲ್ಮು ತೊಳೆಸಿಕೊಂಡು ಬಂದ ಮೇಲೆ ಚೆನ್ನಾಗಿರುವುದು ತಟ್ಟೆಗೆ, ಕಪ್ಪಾದದ್ದು ಡಬ್ಬಕ್ಕೆ. ಎಸೆಯಲು ಕೈ ಬರುತ್ತಿರಲಿಲ್ಲ. ಶ್ರೀಕಂಠನಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಡಬ್ಬದಲ್ಲಿ ಕೈಯಾಡಿಸಿ, ದೀಪಕ್ಕೆ ಹಿಡಿದು, ಕಣ್ಣಿಗೆ ಕಂಡ ಜಿಂಕೆಯನ್ನು ತೆಗೆದುಕೊಂಡಿದ್ದಾನೆ. ಕಪ್ಪಾದವು ಅವನಿಗೆ ಬರೀ ಕಪ್ಪು ಕಾಗದದ ಚೂರಿನಂತೆ ಕಂಡಿರಬೇಕು.

ಒಂದೊಂದನ್ನೇ ಕಿಟಕಿಗೆ ಹಿಡಿಯುತ್ತ ಹೋದಳು. ಹದಿನೇಳನೆಯದರಲ್ಲಿ ದೀಪಸ್ತಂಭದ ಎಂಟು ಮೂಲೆ ಮಸುಕಾಗಿ ಕಂಡವು.

ಪರದೆ ಎಳೆದಳು. ಬೆಡ್‌ಶೀಟು ಕಟ್ಟಿದಳು. ಪ್ರೊಜೆಕ್ಟರಿನ ದೊಡ್ಡ ಬಲ್ಬು ಹೊತ್ತಿಕೊಂಡಿತು.

ಕಿಟಕಿಯ ಬೆಳಕಿಗೆ ಬಗ್ಗದ ಕತ್ತಲು ಆ ಬಲ್ಬಿಗೆ ಬಗ್ಗಿತು. ಮೊದಲು ಗುಡಿಯ ಬೃಹತ್ ಮಾಡು ಎದ್ದಿತು. ಆಮೇಲೆ ಕಂಚಿನ ದೀಪಸ್ತಂಭ. ಹಳದಿ ಟೋಪಿಯ ಶಾಲೆ ಮಕ್ಕಳ ಸಾಲು. ಬಲಗಡೆ, ಧೂಪದ ಹೊಗೆಯಾಚೆ, ಇಬ್ಬರು ಗಂಡಸರು. ಗುರುವಾರ ಅವಳ ಕಣ್ಣು ಮಕ್ಕಳನ್ನು ದಾಟಿ ಅತ್ತ ಹೋಗಿರಲಿಲ್ಲ. ಒಬ್ಬ ಜಪಾನಿ, ಕಪ್ಪು ಕೋಟು. ಇನ್ನೊಬ್ಬ ಅರ್ಧ ತಿರುಗಿದ್ದ. ನಕ್ಷೆ ಸುತ್ತಿಡುವ ಉದ್ದನೆಯ ಕೊಳವೆ ಇಬ್ಬರ ಕೈಯಲ್ಲೂ ಇತ್ತು. ಒಬ್ಬ ಕೊಡುತ್ತಿದ್ದ, ಒಬ್ಬ ತೆಗೆದುಕೊಳ್ಳುತ್ತಿದ್ದ.

ಕೊಡುವವನ ಕೊರಳಲ್ಲಿ ಒಂದು ಮಫ್ಲರು. ಪಾಚಿ ಹಸಿರು, ಬೂದು, ತುದಿಯಲ್ಲಿ ಒಂದು ಗೇಣು ಕೇಸರಿ. ಉಳಿದ ಉಣ್ಣೆ ಸಾಲದೆ ಮೂರು ಬಣ್ಣ ಸೇರಿಸಿ ಅವಳೇ ಹೆಣೆದದ್ದು. ಪ್ರಪಂಚದಲ್ಲಿ ಅಂಥದ್ದು ಇನ್ನೊಂದಿಲ್ಲ. ಮುಖ ಅರ್ಧವೇ ಕಾಣುತ್ತಿತ್ತು. ಹದಿನೆಂಟು ವರ್ಷ ನೋಡಿದವಳಿಗೆ ಅರ್ಧ ಸಾಕಾಗಿತ್ತು.

ಅಳು ಬರಬಹುದೆಂದು ಕಾದಳು. ಬರಲಿಲ್ಲ. ಕೆಂಡ ಈಗ ಎದೆಯಿಂದ ಅಂಗೈವರೆಗೆ ಇಳಿದಿತ್ತು.

*

ಆರು ಗಂಟೆಗೆ ಶ್ರೀಕಂಠ ಬಂದ. ಟೈ ಸಡಿಲಿಸುತ್ತ ಹಾಲಿಗೆ ಕಾಲಿಟ್ಟವನು ಬೆಡ್‌ಶೀಟು ನೋಡಿ ನಿಂತ.

"ಆಫ್ ಮಾಡು."

"ಕೂತ್ಕೊಳ್ಳಿ. ಚೆನ್ನಾಗಿದೆ ಅಂದಿದ್ರಲ್ಲ ಇದನ್ನ."

"ಇಂದು ಎಲ್ಲಿ?"

"ಮೇಲೆ, ಓದ್ತಿದಾಳೆ. ಮೆಲ್ಲಗೆ ಮಾತಾಡೋಣ."

ಅವನು ಕೂತ. ಒಂದು ಕ್ಷಣ ನಗಲು ನೋಡಿದ. "ಅದು ನಾನಲ್ಲ. ಮಬ್ಬು ಮಬ್ಬು. ಯಾರೋ."

"ಯಾರೋ ಆಗಿದ್ರೆ ಎಂಬತ್ತು ಸ್ಲೈಡು ಯಾಕೆ ಕದೀಬೇಕಿತ್ತು?"

ಉತ್ತರವನ್ನೂ ಅವಳೇ ಹೇಳಿದಳು. ತರಕಾರಿ ಪಟ್ಟಿ ಓದುವಷ್ಟು ಸಮಾಧಾನವಾಗಿ ಹೇಳಿದಳು.

"ಗುರುವಾರ ಇದನ್ನ ನೋಡಿದ್ರಿ. ನನ್ನ ಎದುರಿಗೆ ತೆಗೆಯೋಕೆ ಆಗಲಿಲ್ಲ, ತಟ್ಟೆ ಆವತ್ತೇ ಹೊರಟುಹೋಯ್ತು. ಶನಿವಾರ ಎಲ್ಲರೂ ಸ್ಟೇಜ್ ಕಡೆ ನೋಡ್ತಿದ್ದಾಗ ಬಳೆ ಬಿಚ್ಚಿದ್ರಿ. ಬಿಚ್ಚೋದನ್ನ ನನ್ನ ಕೈಯಿಂದಲೇ ಕಲಿತಿದ್ರಿ. ಇದು ಎಷ್ಟನೇ ನಂಬರು ಅಂತ ಗೊತ್ತಿರಲಿಲ್ಲ. ಹುಡುಕೋಕೆ ಹೊತ್ತಿರಲಿಲ್ಲ. ಅದಕ್ಕೆ ಎಲ್ಲಾನೂ ಸುರ್ಕೊಂಡ್ರಿ. ಕಾರಲ್ಲಿಟ್ಟು ಮನೆಗೆ ತಂದ್ರಿ. ಒಂದು ಕಡಿಮೆಯಾದ್ರೆ ಯಾವುದು ಅಂತ ಹುಡುಕ್ತೀನಿ ಅಂತ ಭಾನುವಾರ ಡಬ್ಬದಿಂದ ಜಿಂಕೆ ಸೇರಿಸಿದ್ರಿ. ಇಂದು ನೋಡಿದಾಳೆ. ಆಮೇಲೆ ಹುಡುಗಾಟ ಅನ್ನಿಸ್ಲಿ ಅಂತ ಚೀಲಾನ ಆ ಹಾಲಿನ ಹಿಂದೆ ಇಟ್ಟು ಬಂದ್ರಿ. ನನ್ನ ಕೆಂಪು ಗೆರೆ ನೀವು ನೋಡಿರಲಿಲ್ಲ. ನೋಡಿದ್ರೂ ಅದೇನು ಅಂತ ಕೇಳ್ತಿರಲಿಲ್ಲ."

"ನಿರುಪಮಾ..."

"ಊರ್ಮಿಳಾನ ಆ ಮೂಲೆಗೆ ಕಳಿಸಿದ್ದು ನೀವು. ಇಲ್ಲದ ಕುರ್ಚಿ ತರೋಕೆ. ಗಂಡನ ಹೆಸರು ಹಾಳು ಮಾಡಿದ್ದು ಸಾಲದು ಅಂತ ಹೆಂಡತೀದೂ ಮಾಡಿದ್ರಿ. ಆಮೇಲೆ ನಾಲ್ಕು ಜನರ ಮುಂದೆ ಅವಳನ್ನ ಕ್ಷಮಿಸಿದ್ರಿ." ಅಲ್ಲಿ ಅವಳ ದನಿ ಸೀಳಿತು. "ಅದೊಂದು ನನಗೆ ತಡೆಯೋಕಾಗ್ತಿಲ್ಲ ಕಣ್ರೀ. ಕ್ಷಮಿಸಿದ್ರಿ!"

ಅವನು ಎದ್ದು ಕಿಟಕಿಯವರೆಗೆ ಹೋಗಿ ಬಂದ. "ಹನ್ನೆರಡು ವರ್ಷ ದುಡಿದೆ ಅಲ್ಲಿ. ಮೇಲಿನ ಕುರ್ಚಿ ಖಾಲಿಯಾದಾಗಲೆಲ್ಲ ಯಾರನ್ನ ಕೂರಿಸಿದ್ರು? ನಾನು ಕೆಲಸ ಕಲಿಸಿದವರನ್ನ. ಒಸಾಕಾದವರು ಇಲ್ಲಿ ಆಫೀಸು ತೆಗೀತಿದಾರೆ. ನಾನೇ ಹೆಡ್. ಯಾರಿಗೋಸ್ಕರ? ನಿನಗೆ, ಇಂದುಗೆ."

"ಸುರೇಶ್?"

"ಅವನಿಗೆ ವಯಸ್ಸಿದೆ. ಧಾರವಾಡಕ್ಕೆ ಹೋದ್ರೆ ಕೆಲಸ ಸಿಗಲ್ವಾ? ಜೈಲಿಗೇನೂ ಹಾಕ್ತಿಲ್ಲವಲ್ಲ."

"ಕಳ್ಳ ಅನ್ನಿಸ್ಕೊಂಡು ಹೋಗಬೇಕು."

"ಅಲ್ಲಿ ಯಾರಿಗೆ ಗೊತ್ತಾಗತ್ತೆ?"

"ಅವನ ತಾಯಿಗೆ ಗೊತ್ತಿದೆ."

ಅವನ ತಾಳ್ಮೆ ಮುಗಿಯಿತು. "ನೀನು ಪಟ್ಟಿ ಪ್ರಕಾರ ಕ್ಯೋಟೋದಲ್ಲಿರಬೇಕಿತ್ತು!" ಎಂದ. ತಪ್ಪು ಅವಳದೇ ಎನ್ನುವ ಹಾಗೆ. "ಈ ಕಪ್ಪು ಚೂರಿಂದ ಏನಾಗತ್ತೆ? ತಾರೀಖು ಎಲ್ಲಿದೆ ಇದರಲ್ಲಿ?"

ಅವಳು ಮೇಜಿನ ಮೇಲಿಂದ ಮಡಿಕೆ ಹಾಳೆಗಳ ಪುಟ್ಟ ಪುಸ್ತಕ ಎತ್ತಿ ತೋರಿಸಿದಳು. ಕೊಡಲಿಲ್ಲ. ಜಪಾನಿನಲ್ಲಿ ಗುಡಿಗೆ ಹೋದ ಭಕ್ತರು ಇಂಥ ಪುಸ್ತಕ ಒಯ್ಯುತ್ತಾರೆ. ಅರ್ಚಕರು ಕುಂಚದಿಂದ ಗುಡಿಯ ಹೆಸರನ್ನೂ ಆ ದಿನದ ತಾರೀಖನ್ನೂ ಬರೆದು, ಮೇಲೆ ಕೆಂಪು ಮುದ್ರೆ ಒತ್ತುತ್ತಾರೆ.

"ನಾರಾದ ಗುಡಿ. ಅವರ ಲೆಕ್ಕದಲ್ಲಿ ಶೋವಾ ಅರವತ್ತನೇ ವರ್ಷ, ಅಂದ್ರೆ ನಮ್ಮ ಎಂಬತ್ತೈದು, ಹನ್ನೆರಡನೇ ತಿಂಗಳು, ಹದಿನಾಲ್ಕು. ನಾನು ನಾರಾಕ್ಕೆ ಹೋಗಿದ್ದು ಅದೊಂದೇ ದಿನ."

ಶ್ರೀಕಂಠ ಬಹಳ ಹೊತ್ತು ಆ ಪುಸ್ತಕವನ್ನೇ ನೋಡಿದ. ಆಮೇಲೆ ಅವನ ಮುಖ ಮೆಲ್ಲಗೆ ಸಡಿಲವಾಯಿತು. ಅವನು ಅವಳನ್ನು ನೋಡಿ, ಲೆಕ್ಕ ಹಾಕಿ, ಧೈರ್ಯ ತಂದುಕೊಂಡದ್ದು ಅವಳಿಗೆ ಕಂಡಿತು.

"ನೋಡು," ಎಂದ, ಮಗುವಿಗೆ ಹೇಳುವಂತೆ. "ಈ ದೇಶದ ಕಾನೂನೇ ಹೆಂಡತೀನ ಗಂಡನ ಮೇಲೆ ಸಾಕ್ಷಿ ಹೇಳು ಅಂತ ಬಲವಂತ ಮಾಡಲ್ಲ. ಇನ್ನು ನೀನು? ನಾಲ್ಕು ಜನ ಬಿಳಿಯರ ಮುಂದೆ, ಇಂಗ್ಲಿಷಲ್ಲಿ, ನಿನ್ನ ಗಂಡನ ಮೇಲೆ ಹೇಳ್ತೀಯಾ?" ಅವನು ಸ್ವಲ್ಪ ನಕ್ಕ. "ಸಿಟ್ಟು ಬಂದಿದೆ, ನ್ಯಾಯವೇ. ಎರಡು ದಿನದಲ್ಲಿ ಇಳಿಯತ್ತೆ. ಊಟಕ್ಕೆ ಹಾಕು."

ಅವನು ಕೈಕಾಲು ತೊಳೆಯಲು ಹೋದ. ಪ್ರೊಜೆಕ್ಟರಿನಿಂದ ಆ ಸ್ಲೈಡನ್ನು ಕಿತ್ತುಕೊಳ್ಳುವ ಗೋಜಿಗೂ ಹೋಗಲಿಲ್ಲ. ಅಷ್ಟು ನಂಬಿಕೆ ಅವನಿಗೆ, ಅವಳು ಏನೂ ಮಾಡುವುದಿಲ್ಲವೆಂದು. ಕದ್ದದ್ದಕ್ಕಿಂತ, ಸುಳ್ಳು ಹೇಳಿದ್ದಕ್ಕಿಂತ, ಆ ನಂಬಿಕೆಯೇ ಅವಳನ್ನು ಹೆಚ್ಚು ಸುಟ್ಟಿತು.

ಅವಳು ಬಲ್ಬು ಆರಿಸಿದಳು. ಸ್ಲೈಡು ಆರುವವರೆಗೆ ಕಾದು, ಹೊರಗೆ ತೆಗೆದು, ಮುದ್ರೆಯ ಪುಸ್ತಕದೊಳಗೆ ಇಟ್ಟಳು. ಪುಸ್ತಕವನ್ನು ಕೈಚೀಲಕ್ಕೆ ಹಾಕಿದಳು.

ಊಟಕ್ಕೆ ಮೂವರೂ ಕೂತರು. ಸಾರಿಗೆ ಉಪ್ಪು ಸರಿಯಾಗಿದೆ ಎಂದ ಶ್ರೀಕಂಠ. ಎಂದೂ ಹೇಳದವನು ಹೇಳಿದ.

"ಮಾಮ್, ಟುಮಾರೋ ಮಾರ್ನಿಂಗ್ ಕ್ಯಾನ್ ಯೂ ಡ್ರಾಪ್ ಮೈ ಕ್ಲಾರಿನೆಟ್ ಅಟ್ ಸ್ಕೂಲ್? ಅರೌಂಡ್ ಟೆನ್?"

"ಈಗಲೇ ಬ್ಯಾಗ್ ಹತ್ರ ಇಟ್ಕೋ, ಪುಟ್ಟಾ. ಹತ್ತು ಗಂಟೆಗೆ ನಾನಿರಲ್ಲ."

"ವೇರ್ ಆರ್ ಯೂ ಗೋಯಿಂಗ್?"

"ಸ್ವಲ್ಪ ಕೆಲಸ ಇದೆ."

ಶ್ರೀಕಂಠ ತಲೆ ಎತ್ತಲಿಲ್ಲ. ಎಲ್ಲಿ ಎಂದು ಕೇಳಲಿಲ್ಲ.

ಸುರೇಶನ ಕೈಗೆ ಸ್ಲೈಡು ಕೊಟ್ಟು ಬಂದುಬಿಟ್ಟರೆ ಸಾಲದು ಎಂದು ಅವಳು ಯೋಚಿಸುತ್ತಿದ್ದಳು. ಸ್ಲೈಡು ಎಲ್ಲಿಂದ ಬಂತು, ಯಾರು ತೆಗೆದರು, ಯಾವಾಗ, ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕಾದವಳು ಅವಳೇ. ಮೆನ್ಲೋ ಪಾರ್ಕಿನ ವಕೀಲರ ಮೇಜಿನ ಮುಂದೆ ಕೂತು, ಬರುವಷ್ಟು ಇಂಗ್ಲಿಷಿನಲ್ಲಿ, ಮೊದಲಿನಿಂದ ಕೊನೆಯವರೆಗೆ ಹೇಳುವುದು. ಯಾರ ಶ್ರೀಮತಿ ಎಂದಲ್ಲ, ತನ್ನ ಹೆಸರು ಬರೆದು, ಕೆಳಗೆ ಸಹಿ ಹಾಕುವುದು.

ಅವಳು ಗಂಡನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, ಮೊಸರಿನ ಪಾತ್ರೆಯನ್ನು ಅವನ ಕಡೆ ಸರಿಸಿದಳು.